ಮನೆಯಲ್ಲೇ ಪಾಸ್ತೆಲ್ ಅಸ್ತೆಕಾ: ಮೊದಲು ಟೋರ್ಟಿಯಾ, ಆಮೇಲೆ ಓವನ್

ಮೊದಲ ಸಲ ನಾನು ಪಾಸ್ತೆಲ್ ಅಸ್ತೆಕಾ ಎಂಬ ಈ ಮೆಕ್ಸಿಕೋ ಅಡುಗೆಯನ್ನು ಮಾಡಿದಾಗ ಓವನ್‌ನಿಂದ ಹೊರಗೆ ಬಂದದ್ದು ಕೆಂಪು ಗಂಜಿ. ಮೇಲೆ ಚೀಸ್ ಚೆನ್ನಾಗಿಯೇ ಕೆಂಪಗಾಗಿತ್ತು, ಮನೆಯೆಲ್ಲ ಘಮಘಮ, ಮಕ್ಕಳು ತಟ್ಟೆ ಹಿಡಿದು ಕೂತಿದ್ದರು. ಚಾಕು ಹಾಕಿದೆ ನೋಡಿ, ಪದರವೂ ಇಲ್ಲ, ಪಾಡೂ ಇಲ್ಲ. ಕೊನೆಗೆ ಸೌಟಿನಲ್ಲಿ ಬಡಿಸಿದೆ. ರುಚಿ ಪರವಾಗಿಲ್ಲ ಅಂದರು, ಪಾಪ.

ಆಮೇಲೆ ಏಳೆಂಟು ಸಲ ಮಾಡಿದ ಮೇಲೆ ವಿಷಯ ತಿಳಿಯಿತು. ಓವನ್‌ಗೆ ಇಡುವ ಒಂದು ಗಂಟೆ ಮುಂಚೆ, ಒಲೆ ಮೇಲೆ ಇರುವಾಗಲೇ ಈ ಅಡುಗೆ ಗೆಲ್ಲುತ್ತದೆ ಅಥವಾ ಕೆಡುತ್ತದೆ. ಎಲ್ಲಿ ನೀರು ಜಾಸ್ತಿ ಉಳಿಯಿತೋ ಅಲ್ಲಿ ಕೆಟ್ಟಿತು ಅಂತಲೇ ಲೆಕ್ಕ. ಹಾಗಾಗಿ ಕೆಳಗೆ ಓವನ್ ಬಗ್ಗೆ ಕಡಿಮೆ, ಟೋರ್ಟಿಯಾ, ಅಂದರೆ ಇದಕ್ಕೆ ಹಾಕುವ ಮೆಕ್ಕೆಜೋಳದ ತೆಳು ರೊಟ್ಟಿಯ ಬಗ್ಗೆ ಜಾಸ್ತಿ ಬರೆದಿದ್ದೇನೆ.

ಪಾಸ್ತೆಲ್ ಅಂದರೆ ಸ್ಪ್ಯಾನಿಷ್‌ನಲ್ಲಿ ಕೇಕ್. ಆದರೆ ಇದರಲ್ಲಿ ಸಕ್ಕರೆ ಇಲ್ಲ, ಮೊಟ್ಟೆಯೂ ಇಲ್ಲ. ಮೆಕ್ಕೆಜೋಳದ ಟೋರ್ಟಿಯಾ, ಸಾಲ್ಸಾ ಎಂಬ ಮೆಣಸಿನಕಾಯಿ ಗೊಜ್ಜು, ಕ್ರೀಮ್, ಚೀಸ್ ಎಲ್ಲವನ್ನೂ ಪದರ ಪದರವಾಗಿ ಜೋಡಿಸಿ ಬೇಯಿಸಿದ ಊಟ ಇದು. ಬುದೀನ್ ಅಸ್ತೆಕಾ ಅಂತಲೂ ಕರೆಯುತ್ತಾರೆ. ಇಟಲಿಯ ಲಜಾನ್ಯ ತಿಂದವರಿಗೆ ಇದರ ರೂಪ ಹೊಸದೇನಲ್ಲ. ಹೆಸರಿನಲ್ಲಿ ಅಸ್ತೆಕಾ ಇದೆ ಅಂತ, ಸ್ಪೇನಿನವರಿಗಿಂತ ಮುಂಚೆ ಮೆಕ್ಸಿಕೋದಲ್ಲಿ ಆಳುತ್ತಿದ್ದ ಅಸ್ತೆಕರ ಕಾಲದ ಅಡುಗೆ ಅಂದುಕೊಳ್ಳಬೇಡಿ. 1519ರಲ್ಲಿ ಸ್ಪೇನಿನವರು ಬಂದಿಳಿಯುವ ತನಕ ಆ ನೆಲದಲ್ಲಿ ಹಸುವೇ ಇರಲಿಲ್ಲ, ಇನ್ನು ಚೀಸ್ ಎಲ್ಲಿಂದ ಬರಬೇಕು? ಮೆಕ್ಕೆಜೋಳ, ಮೆಣಸಿನಕಾಯಿ, ಟೊಮೆಟೊ, ಹುರುಳಿಕಾಯಿ ಜಾತಿಯ ಕಾಳು, ಈ ಅಡುಗೆಯಲ್ಲಿ ಇವಿಷ್ಟು ಮಾತ್ರ ಅಲ್ಲಿಯ ಹಳೆಯ ಆಸ್ತಿ.

ಕೆಲಸದ ಮೇಲೆ ಎರಡು ವರ್ಷ ಮೆಕ್ಸಿಕೋದ ಗ್ವಾದಲಹಾರಾ ನಗರದಲ್ಲಿ ಇದ್ದೆವು. ಇದನ್ನು ಕಲಿಸಿದ್ದು ಮೇಲಿನ ಮನೆಯ ಅಜ್ಜಿ. ಅಲ್ಲಿ ಸಾಮಾನ್ಯವಾಗಿ ಇದಕ್ಕೆ ಬೇಯಿಸಿ ಎಳೆ ಬಿಡಿಸಿದ ಕೋಳಿ ಹಾಕುತ್ತಾರೆ. ನಮಗೋಸ್ಕರ ಅಜ್ಜಿ ಕೋಳಿ ಬಿಟ್ಟು ರಾಹಾಸ್, ಅಂದರೆ ಸುಟ್ಟು ಸಿಪ್ಪೆ ತೆಗೆದ ಮೆಣಸಿನಕಾಯಿಯ ಉದ್ದನೆಯ ಸೀಳುಗಳನ್ನು ಹಾಕಿದರು. ಅದೇನೂ ಅಡ್ಜಸ್ಟ್‌ಮೆಂಟ್ ಅಲ್ಲ, ರಾಹಾಸ್ ಜೊತೆ ಕ್ರೀಮ್ ಹಾಕಿ ಮಾಡುವುದು ಅಲ್ಲಿನ ಮನೆಮನೆಯ ಪಲ್ಯ.

ಸಸ್ಯಾಹಾರಿಗಳಿಗೆ ಒಂದು ಎಚ್ಚರಿಕೆ. ಮೆಕ್ಸಿಕೋದಲ್ಲಿ ಕಾಳಿನ ಪಲ್ಯವನ್ನು ಎಷ್ಟೋ ಕಡೆ ಹಂದಿ ಕೊಬ್ಬಿನಲ್ಲೇ ಹುರಿಯುತ್ತಾರೆ. ಅನ್ನ ಬೇಯಿಸಲು ಕೋಳಿ ಬೇಯಿಸಿದ ನೀರು ಹಾಕುತ್ತಾರೆ. ಅಮೆರಿಕದಲ್ಲಿ ಇರುವವರು ಡಬ್ಬಿಯ ರಿಫ್ರೈಡ್ ಬೀನ್ಸ್ ತರುವುದಾದರೆ ಹಿಂದಿನ ಚೀಟಿ ಓದಿಯೇ ತನ್ನಿ. ಹೋಟೆಲಿನಲ್ಲಿ ‘ಸಿನ್ ಮಾಂತೆಕಾ’ ಅಂತ ಕೇಳಬೇಕು, ಹಂದಿ ಕೊಬ್ಬಿಲ್ಲದೆ ಅಂತ ಅರ್ಥ. ಚೀಸ್ ಕೂಡ ಅಷ್ಟೇ. ಹಾಲು ಒಡೆಯಲು ಕರುವಿನ ಹೊಟ್ಟೆಯ ರೆನೆಟ್ ಬಳಸಿದ್ದೂ ಇರುತ್ತದೆ. ಇಲ್ಲಿ ಹಸಿರು ಚುಕ್ಕೆ ಇರುವ ಪ್ಯಾಕೆಟ್ ತಂದರೆ ಮುಗಿಯಿತು. ಹೊರದೇಶದಲ್ಲಿ ಮೈಕ್ರೋಬಿಯಲ್ ರೆನೆಟ್ ಅಂತ ಬರೆದಿದೆಯಾ ನೋಡಿ.

ಬೇಕಾದ ಸಾಮಾನು

ಇದು 20 ಸೆಂಟಿಮೀಟರ್ ಚೌಕದ, 5 ಸೆಂಟಿಮೀಟರ್ ಆಳದ ಗಾಜಿನ ಟ್ರೇ ಲೆಕ್ಕ. ಐದು ಜನಕ್ಕೆ ಹೊಟ್ಟೆ ತುಂಬ ಆಗುತ್ತದೆ. ಅಂಗೈಗಿಂತ ಸ್ವಲ್ಪ ದೊಡ್ಡ, ಸುಮಾರು 15 ಸೆಂಟಿಮೀಟರ್ ಅಗಲದ ಟೋರ್ಟಿಯಾ 12. ಸಾಲ್ಸಾಗೆ ಚೆನ್ನಾಗಿ ಹಣ್ಣಾದ ಟೊಮೆಟೊ 700 ಗ್ರಾಂ, ಬ್ಯಾಡಗಿ ಮೆಣಸಿನಕಾಯಿ 8, ಈರುಳ್ಳಿ 1, ಬೆಳ್ಳುಳ್ಳಿ 3 ಎಸಳು. ರಾಹಾಸ್‌ಗೆ ದೊಡ್ಡ ದೊಣ್ಣೆ ಮೆಣಸಿನಕಾಯಿ 3, ಬಜ್ಜಿ ಮೆಣಸಿನಕಾಯಿ 4, ಈರುಳ್ಳಿ 1, ಬೇಯಿಸಿದ ಸ್ವೀಟ್ ಕಾರ್ನ್ 1 ಕಪ್. ರಾಜ್ಮಾ 150 ಗ್ರಾಂ. ಮೊಝರೆಲ್ಲಾ ಚೀಸ್ 250 ಗ್ರಾಂ. ಫ್ರೆಶ್ ಕ್ರೀಮ್ 200 ಮಿಲಿಲೀಟರ್, ಗಟ್ಟಿ ಮೊಸರು 2 ಚಮಚ. ಎಣ್ಣೆ, ಉಪ್ಪು, ಸ್ವಲ್ಪ ಜೀರಿಗೆ, ಒಣ ಒರೆಗಾನೊ. ಪಿಜ್ಜಾ ಜೊತೆ ಬಂದ ಒರೆಗಾನೊ ಚೀಟಿಗಳು ಡಬ್ಬದಲ್ಲಿ ಬಿದ್ದಿರುತ್ತವೆ ಅಲ್ವಾ, ಅವನ್ನೇ ಹಾಕಿ. ಆದರೆ ಅದರಲ್ಲಿ ಮಸಾಲೆ, ಉಪ್ಪು ಬೆರೆತಿರುತ್ತದೆ, ನೋಡಿಕೊಂಡು.

ರಾಜ್ಮಾ ಹಿಂದಿನ ರಾತ್ರಿಯೇ ನೆನೆಹಾಕಿ. ಟೋರ್ಟಿಯಾ, ಸಾಲ್ಸಾ ಎರಡನ್ನೂ ಹಿಂದಿನ ದಿನವೇ ಮಾಡಿಟ್ಟರೆ ಇನ್ನೂ ಒಳ್ಳೆಯದು.

ಟೋರ್ಟಿಯಾ

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಅಂಗಡಿಯಲ್ಲಿ ಕಾರ್ನ್‌ಫ್ಲೋರ್ ಅಂತ ಸಿಗುವ ಬಿಳಿ ಪುಡಿ ಬರೀ ಪಿಷ್ಟ, ಗೋಬಿ ಮಂಚೂರಿಗೆ ಹಾಕುವುದು. ಅದರಿಂದ ಟೋರ್ಟಿಯಾ ಆಗುವುದಿಲ್ಲ. ಗಿರಣಿಯಲ್ಲಿ ಬೀಸಿಸಿದ ಮೆಕ್ಕೆಜೋಳದ ಹಿಟ್ಟಿನಿಂದ ರೊಟ್ಟಿ ತಟ್ಟಬಹುದು, ಆದರೆ ಬಿಸಿನೀರು ಹಾಕಿ ನಾದಿದರೂ ಅದು ಮಡಚಿದ ತಕ್ಷಣ ಬಿರುಕು ಬಿಡುತ್ತದೆ. ಪರಿಮಳವೂ ಬೇರೆ.

ವ್ಯತ್ಯಾಸ ಇರುವುದು ಸುಣ್ಣದಲ್ಲಿ. ಮೆಕ್ಸಿಕೋದವರು ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯಿಡೀ ನೆನೆಸಿ, ಸಿಪ್ಪೆ ಉಜ್ಜಿ ತೊಳೆದು ಆಮೇಲೆ ರುಬ್ಬುತ್ತಾರೆ. ಹೀಗೆ ಸುಣ್ಣದಲ್ಲಿ ಬೆಂದ ಕಾಳಿಗೆ ನಿಶ್ತಮಾಲ್ ಅಂತ ಹೆಸರು. ಸುಣ್ಣ ಕಾಳಿನ ಸಿಪ್ಪೆಯನ್ನು ಸಡಿಲ ಮಾಡುತ್ತದೆ, ಹಿಟ್ಟಿಗೆ ಅಂಟು ತರುತ್ತದೆ. ಜೊತೆಗೆ ಮೆಕ್ಕೆಜೋಳದಲ್ಲಿ ಅವಿತಿರುವ ನಯಾಸಿನ್ ಎಂಬ ಬಿ ವಿಟಮಿನ್ ನಮ್ಮ ಹೊಟ್ಟೆಗೆ ಸಿಗುವ ಹಾಗೆ ಬಿಡಿಸುತ್ತದೆ. ಯುರೋಪಿನವರು ಮೆಕ್ಕೆಜೋಳ ಒಯ್ದರು, ಸುಣ್ಣದ ಪಾಠ ಬಿಟ್ಟರು. ಬರೀ ಮೆಕ್ಕೆಜೋಳ ತಿಂದ ಇಟಲಿಯ ಬಡ ರೈತರಿಗೆ ನಯಾಸಿನ್ ಸಾಲದೆ ಪೆಲಾಗ್ರ ಎಂಬ ರೋಗ ಬಂತು. ಎಲೆ ಅಡಿಕೆಗೆ ನಾವು ಹಚ್ಚುವುದೂ ಅದೇ ಸುಣ್ಣವೇ.

ಮನೆಯಲ್ಲೇ ಮಾಡುವ ಹುರುಪಿದ್ದರೆ ಹೀಗೆ ಮಾಡಿ. ಒಣ ಮೆಕ್ಕೆಜೋಳ 500 ಗ್ರಾಂ, ತಿನ್ನುವ ಸುಣ್ಣದ ಪುಡಿ 5 ಗ್ರಾಂ, ಎರಡು ಲೀಟರ್ ನೀರು. ಗೋಡೆಗೆ ಬಳಿಯುವ ಸುಣ್ಣ ಬೇಡವೇ ಬೇಡ, ಬಣ್ಣ ವಾಸನೆ ಬೆರೆಸಿದ್ದೂ ಬೇಡ. ಪಾತ್ರೆ ಸ್ಟೀಲಿನದೇ ಇರಲಿ, ಅಲ್ಯೂಮಿನಿಯಂ ಸುಣ್ಣಕ್ಕೆ ಕರಗುತ್ತದೆ. ಸಣ್ಣ ಉರಿಯಲ್ಲಿ 40 ನಿಮಿಷ ಕುದಿಸಿ ಮುಚ್ಚಿಡಿ. ಬೆಳಗ್ಗೆ ಕಾಳನ್ನು ಬೆರಳಲ್ಲಿ ಉಜ್ಜಿದರೆ ಸಿಪ್ಪೆ ಲೋಳೆಯ ಹಾಗೆ ಜಾರಬೇಕು. ಮೂರ್ನಾಲ್ಕು ನೀರಲ್ಲಿ ಚೆನ್ನಾಗಿ ತೊಳೆದು ರುಬ್ಬಿ. ನಾನು ಇಲ್ಲೇ ಎಡವಿದ್ದು. ಗ್ರೈಂಡರ್ ತಿರುಗುತ್ತಿಲ್ಲ ಅಂತ ಸುಮ್ನೆ ನೀರು ಸುರಿದೆ, ಸುರಿದೆ, ಕೊನೆಗೆ ದೋಸೆ ಹಿಟ್ಟು ತಯಾರಾಯಿತು. ಅವತ್ತು ದೋಸೆಯನ್ನೇ ಹುಯ್ದು ತಿಂದೆವು. ನೀರನ್ನು ಚಮಚದ ಲೆಕ್ಕದಲ್ಲಿ ಮಾತ್ರ ಹಾಕಿ.

ಇಷ್ಟು ತಾಪತ್ರಯ ಬೇಡ ಅನ್ನುವವರಿಗೆ ಆನ್‌ಲೈನ್‌ನಲ್ಲಿ ಮಾಸಾ ಹರೀನಾ ಸಿಗುತ್ತದೆ. ಇದೇ ಸುಣ್ಣದ ಕೆಲಸ ಮುಗಿಸಿ ಒಣಗಿಸಿ ಪುಡಿ ಮಾಡಿದ ಹಿಟ್ಟು. ಬೆಲೆ ಜಾಸ್ತಿ, ಆದರೆ ತಲೆನೋವಿಲ್ಲ. ಎರಡು ಕಪ್ ಹಿಟ್ಟಿಗೆ ಒಂದೂವರೆ ಕಪ್ ಬೆಚ್ಚಗಿನ ನೀರು, ಚಿಟಿಕೆ ಉಪ್ಪು. ಕಲಸಿ ಒದ್ದೆ ಬಟ್ಟೆ ಮುಚ್ಚಿ 20 ನಿಮಿಷ ಬಿಡಿ. ನಿಂಬೆಹಣ್ಣಿನಷ್ಟು ಉಂಡೆ ಮಾಡಿ ಒಂದನ್ನು ಒತ್ತಿ ನೋಡಿ. ಅಂಚು ಸೀಳಿದರೆ ನೀರು ಸಾಲದು, ಕೈಗೆ ಅಂಟಿದರೆ ಜಾಸ್ತಿಯಾಗಿದೆ. ಹಾಲಿನ ಕವರ್ ತೊಳೆದು ಎರಡು ಹಾಳೆ ಮಾಡಿಕೊಳ್ಳಿ. ಉಂಡೆಯನ್ನು ಅವುಗಳ ನಡುವೆ ಇಟ್ಟು ತಳ ಚಪ್ಪಟೆ ಇರುವ ಭಾರದ ಪಾತ್ರೆಯಿಂದ ಒತ್ತಿ. ಜೋಳದ ರೊಟ್ಟಿ ತಟ್ಟಿ ರೂಢಿ ಇರುವವರಿಗೆ ಪಾತ್ರೆಯೂ ಬೇಡ.

ಕಾವಲಿ ಚೆನ್ನಾಗಿ ಕಾದಿರಲಿ. ಅಲ್ಲಿ ಇದಕ್ಕೆ ಕೊಮಾಲ್ ಅನ್ನುತ್ತಾರೆ, ಹಳ್ಳಿಗಳಲ್ಲಿ ಇಂದಿಗೂ ಮಣ್ಣಿನ ಹೆಂಚೇ ಇದೆ. ಮೊದಲ ಮಗ್ಗುಲು 20 ಸೆಕೆಂಡ್, ತಿರುವಿ ಒಂದು ನಿಮಿಷ, ಮತ್ತೆ ತಿರುವಿದರೆ ಉಬ್ಬುತ್ತದೆ. ಉಬ್ಬದಿದ್ದರೂ ಬೇಸರ ಬೇಡ, ಪದರದಲ್ಲಿ ಯಾರಿಗೂ ಕಾಣುವುದಿಲ್ಲ.

ಈ ಅಡುಗೆಗೆ ಬಿಸಿಬಿಸಿ ಟೋರ್ಟಿಯಾಗಿಂತ ನಿನ್ನೆಯದೇ ವಾಸಿ. ಗ್ವಾದಲಹಾರಾದಲ್ಲಿ ಬೀದಿಗೊಂದು ಟೋರ್ಟಿಯೆರಿಯಾ, ಮಧ್ಯಾಹ್ನ ಜನ ಸಾಲು ನಿಂತು ಕಿಲೋ ಲೆಕ್ಕದಲ್ಲಿ ಬಿಸಿ ಟೋರ್ಟಿಯಾ ಕಾಗದದಲ್ಲಿ ಸುತ್ತಿಸಿಕೊಂಡು ಹೋಗುತ್ತಾರೆ. ಉಳಿದದ್ದು ಮರುದಿನ ಒಣಗಿರುತ್ತದೆ. ಆ ತಂಗಳನ್ನು ಖಾಲಿ ಮಾಡಲು ಹುಟ್ಟಿದ ಅಡುಗೆಗಳು ಎಷ್ಟೋ, ನಮ್ಮಲ್ಲಿ ರಾತ್ರಿಯ ಅನ್ನ ಬೆಳಗ್ಗೆ ಚಿತ್ರಾನ್ನ ಆಗುವ ಹಾಗೆ. ಒಣಗಿದ ಟೋರ್ಟಿಯಾ ಎಣ್ಣೆ ಕಡಿಮೆ ಕುಡಿಯುತ್ತದೆ, ಸಾಲ್ಸಾದಲ್ಲಿ ಕರಗುವುದಿಲ್ಲ.

ಚಪಾತಿ ಹಾಕಬಹುದಾ ಅಂತ ಎಲ್ಲರೂ ಕೇಳುತ್ತಾರೆ. ನಾನೂ ಹಾಕಿ ನೋಡಿದ್ದೇನೆ. ಅಂಟಂಟಾಗಿ ಒಂದಕ್ಕೊಂದು ಬೆರೆತು ಹೋಗುತ್ತದೆ. ಮೈದಾ ಟೋರ್ಟಿಯಾ ಕಥೆಯೂ ಅದೇ. ತೆಳ್ಳಗಿನ ಜೋಳದ ರೊಟ್ಟಿ ಮಾತ್ರ ಆಶ್ಚರ್ಯ ಅನ್ನುವ ಹಾಗೆ ತಡೆದುಕೊಂಡಿತು. ರುಚಿ ಮೆಕ್ಸಿಕೋದ್ದಲ್ಲ, ಆದರೆ ತಿನ್ನಲು ಚೆನ್ನಾಗಿಯೇ ಇತ್ತು.

ಸಾಲ್ಸಾ

ಅಲ್ಲಿ ಇದಕ್ಕೆ ಗ್ವಾಹಿಯೊ ಎಂಬ ಒಣ ಮೆಣಸಿನಕಾಯಿ ಬಳಸುತ್ತಾರೆ. ಬಣ್ಣ ಗಾಢ ಕೆಂಪು, ಖಾರ ಕಡಿಮೆ. ಕೇಳಿದ ತಕ್ಷಣ ನಿಮಗೂ ಬ್ಯಾಡಗಿ ನೆನಪಾಯಿತು ಅಲ್ವಾ? ಗ್ವಾಹಿಯೊಗೆ ಸ್ವಲ್ಪ ಹುಳಿ ಛಾಯೆ ಜಾಸ್ತಿ, ಅಷ್ಟೇ ವ್ಯತ್ಯಾಸ. ಹುಳಿ ಟೊಮೆಟೊ ಹಾಕಿದರೆ ಅದೂ ಸರಿಹೋಗುತ್ತದೆ. ಪೋರ್ಚುಗೀಸರ ಹಡಗಿನಲ್ಲಿ ಬಂದ ಮೆಣಸಿನಕಾಯಿ ಹಾವೇರಿಯ ಹೊಲದಲ್ಲಿ ಬೇರುಬಿಟ್ಟು ಮತ್ತೆ ಮೆಕ್ಸಿಕೋ ಅಡುಗೆಗೆ ಒದಗುತ್ತದೆ ಅನ್ನುವುದು ನನಗಂತೂ ಖುಷಿಯ ವಿಷಯ. ಖಾರ ಬೇಕಾದವರು ಎರಡು ಗುಂಟೂರು ಸೇರಿಸಿಕೊಳ್ಳಿ.

ಬ್ಯಾಡಗಿಯ ತೊಟ್ಟು, ಬೀಜ ತೆಗೆದು ಬಿಸಿ ಕಾವಲಿ ಮೇಲೆ ಒತ್ತಿ ಹಿಡಿಯಿರಿ. ಹತ್ತು ಹನ್ನೆರಡು ಸೆಕೆಂಡಿಗೆ ಘಾಟು ಮೂಗಿಗೆ ಬರುತ್ತದೆ, ತೆಗೆದುಬಿಡಿ. ಕಪ್ಪಾದರೆ ಇಡೀ ಸಾಲ್ಸಾ ಕಹಿ. ಬಿಸಿನೀರಲ್ಲಿ 20 ನಿಮಿಷ ನೆನೆಸಿ. ಅದೇ ಕಾವಲಿ ಮೇಲೆ ಟೊಮೆಟೊ ಇಡಿಯಾಗಿ, ಈರುಳ್ಳಿ ದಪ್ಪ ಬಿಲ್ಲೆ ಮಾಡಿ, ಬೆಳ್ಳುಳ್ಳಿ ಸಿಪ್ಪೆ ಸಮೇತ ಸುಡಿ. ಎಣ್ಣೆ ಹಾಕಬೇಡಿ. ಟೊಮೆಟೊ ಮೇಲೆ ಅಲ್ಲಲ್ಲಿ ಕಪ್ಪು ಮಚ್ಚೆ ಬಿದ್ದು ರಸ ಒಸರಬೇಕು. ಬೆಳ್ಳುಳ್ಳಿ ಸಿಪ್ಪೆ ಸುಲಿದು ಎಲ್ಲವನ್ನೂ ಮಿಕ್ಸಿಗೆ ಹಾಕಿ ನುಣ್ಣಗೆ ರುಬ್ಬಿ ಸೋಸಿ. ಸೋಸುವುದು ಬೇಸರದ ಕೆಲಸ, ಆದರೆ ಬ್ಯಾಡಗಿ ಸಿಪ್ಪೆ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ಈಗ ಮುಖ್ಯವಾದ ಭಾಗ. ಅಗಲ ಬಾಣಲೆಯಲ್ಲಿ ಎರಡು ಚಮಚ ಎಣ್ಣೆ ಚೆನ್ನಾಗಿ ಕಾಯಿಸಿ ಈ ರಸವನ್ನು ಒಮ್ಮೆಗೇ ಸುರಿಯಿರಿ. ಚೊಂಯ್ ಅನ್ನಬೇಕು. ಅನ್ನದಿದ್ದರೆ ಎಣ್ಣೆ ಕಾದಿಲ್ಲ. ಒಗ್ಗರಣೆ ಕೊನೆಗೆ ಹಾಕಿ ರೂಢಿಯಾದ ನಮಗೆ ಇದು ತಲೆಕೆಳಗು ಅನಿಸಬಹುದು, ಮೆಕ್ಸಿಕೋದಲ್ಲಿ ಸಾಲ್ಸಾವನ್ನೇ ಒಗ್ಗರಣೆಗೆ ಸುರಿಯುತ್ತಾರೆ. ಕಿತ್ತಳೆ ಬಣ್ಣದ ರಸ ನೋಡನೋಡುತ್ತಲೇ ಇಟ್ಟಿಗೆ ಕೆಂಪಿಗೆ ತಿರುಗುತ್ತದೆ. ಅರ್ಧ ಚಮಚ ಜೀರಿಗೆ ಪುಡಿಗಿಂತ ಜಾಸ್ತಿ ಬೇಡ, ಇಲ್ಲದಿದ್ದರೆ ಸಾರಿನ ವಾಸನೆ ಬರುತ್ತದೆ. ಒರೆಗಾನೊ, ಉಪ್ಪು ಹಾಕಿ 12 ನಿಮಿಷ ಕುದಿಸಿ. ಸೌಟಿನಿಂದ ಬಾಣಲೆ ತಳದಲ್ಲಿ ಗೆರೆ ಎಳೆದರೆ ಒಂದು ಗಳಿಗೆ ತಳ ಕಾಣಿಸಿ ಆಮೇಲೆ ಮುಚ್ಚಿಕೊಳ್ಳಬೇಕು. ಸುಮಾರು ಮೂರು ಕಪ್ ಉಳಿಯುತ್ತದೆ. ತೆಳ್ಳಗಿದ್ದರೆ ಇನ್ನೂ ಕುದಿಸಿ. ನನ್ನ ಮೊದಲ ಗಂಜಿಗೆ ಅರ್ಧ ಕಾರಣ ಈ ಐದು ನಿಮಿಷದ ಅವಸರ.

ಒಳಗಿನ ಹೂರಣ

ರಾಹಾಸ್‌ಗೆ ಅಲ್ಲಿ ಪೊಬ್ಲಾನೊ ಎಂಬ ದಪ್ಪ ಹಸಿರು ಮೆಣಸಿನಕಾಯಿ. ನಮ್ಮಲ್ಲಿ ದೊಣ್ಣೆ ಮೆಣಸಿನಕಾಯಿ ಮಾಂಸಲ, ಖಾರವಿಲ್ಲ. ಬಜ್ಜಿ ಮೆಣಸಿನಕಾಯಿಯಲ್ಲಿ ಆ ಹಸಿ ಪರಿಮಳ ಇದೆ. ಎರಡೂ ಸೇರಿದರೆ ಹತ್ತಿರಕ್ಕೆ ಬರುತ್ತದೆ. ನೇರ ಉರಿಯ ಮೇಲೆ, ಬದನೆಕಾಯಿ ಸುಟ್ಟ ಹಾಗೆ, ಸುತ್ತ ಕಪ್ಪಾಗುವ ತನಕ ಸುಡಿ. ಪಾತ್ರೆಗೆ ಹಾಕಿ ಮುಚ್ಚಿ ಹತ್ತು ನಿಮಿಷ ಬಿಟ್ಟರೆ ಬೆವರಿ ಸಿಪ್ಪೆ ತಾನೇ ಬಿಡುತ್ತದೆ. ನಲ್ಲಿ ಕೆಳಗೆ ತೊಳೆಯಬೇಡಿ, ಸುಟ್ಟ ಪರಿಮಳ ನೀರಿನ ಜೊತೆ ಹೋಗುತ್ತದೆ. ಉದ್ದಕ್ಕೆ ಸೀಳಿ, ಉದ್ದನೆ ಹೆಚ್ಚಿದ ಈರುಳ್ಳಿ, ಕಾರ್ನ್ ಜೊತೆ ಹುರಿಯಿರಿ. ಬಾಣಲೆಯಲ್ಲಿ ನೀರು ಕಾಣಬಾರದು. ಕ್ರೀಮ್‌ಗೆ ಮೊಸರು ಬೆರೆಸಿ ಎರಡು ಮೂರು ಗಂಟೆ ಹೊರಗಿಟ್ಟಿದ್ದರೆ ಅಲ್ಲಿನ ಕ್ರೇಮಾ ಎಂಬ ಹುಳಿ ಕ್ರೀಮ್‌ನ ಹುಳಿ ಸ್ವಲ್ಪ ಬಂದಿರುತ್ತದೆ. ಅದರಲ್ಲಿ ಅರ್ಧವನ್ನು ಒಲೆ ಆರಿಸಿ ಇದಕ್ಕೆ ಕಲಸಿ. ಉಪ್ಪು ನೋಡಿ.

ರಾಜ್ಮಾ ನೆನೆಸಿದ ನೀರು ಚೆಲ್ಲಿ, ಹೊಸ ನೀರಲ್ಲಿ ಕುಕ್ಕರ್ ಆರು ಕೂಗು ಕೂಗಿಸಿ. ಬೆರಳಲ್ಲಿ ಹಿಸುಕಿದರೆ ಬೆಣ್ಣೆಯಂತಾಗಬೇಕು. ಅರೆಬೆಂದ ರಾಜ್ಮಾ ಹೊಟ್ಟೆ ಕೆಡಿಸುತ್ತದೆ. ಸ್ವಲ್ಪ ಎಣ್ಣೆಯಲ್ಲಿ ಈರುಳ್ಳಿ ಕೆಂಪಗೆ ಹುರಿದು ರಾಜ್ಮಾ ಹಾಕಿ ಮಸೆಯುತ್ತಾ ಒಣಗಿಸಿ, ಹೋಳಿಗೆ ಹೂರಣದ ಹದಕ್ಕಿಂತ ಒಂಚೂರು ಸಡಿಲ ಇರಲಿ. ಅಮೆರಿಕದಲ್ಲಿ ಇರುವವರಿಗೆ ಕಪ್ಪು ಬೀನ್ಸ್ ಸುಲಭವಾಗಿ ಸಿಗುತ್ತದೆ, ಅದನ್ನೇ ಹಾಕಿ.

ಜೋಡಿಸಿ ಬೇಯಿಸುವುದು

ಟೋರ್ಟಿಯಾಗಳನ್ನು ಎಣ್ಣೆಯಲ್ಲಿ ಒಂದು ಮುಳುಗು ಹಾಕಿಸಬೇಕು. ಎಷ್ಟೋ ಜನ ಎಣ್ಣೆ ಉಳಿಸಲು ಇದನ್ನು ಬಿಡುತ್ತಾರೆ, ಮೊದಲ ಸಲ ನಾನೂ ಬಿಟ್ಟಿದ್ದೆ. ಗಂಜಿಗೆ ಉಳಿದ ಅರ್ಧ ಕಾರಣ ಅದು. ಎಣ್ಣೆ ಮೈಗೆ ಹತ್ತಿದರೆ ಸಾಲ್ಸಾ ಒಳಗೆ ಇಳಿಯುವುದು ನಿಧಾನವಾಗುತ್ತದೆ. ಬಾಣಲೆಯಲ್ಲಿ ಬೆರಳಿನ ಅರ್ಧ ಗೆಣ್ಣು ಎಣ್ಣೆ ಕಾಯಿಸಿ ಇಕ್ಕಳದಲ್ಲಿ ಒಂದೊಂದೇ ಬಿಡಿ. ಮೊದಲು ಮೆತ್ತಗಾಗುತ್ತದೆ, ಅಂಚಿನಲ್ಲಿ ಸಣ್ಣ ಗುಳ್ಳೆ ಏಳುತ್ತವೆ, ಆಮೇಲೆ ಇನ್ನೇನು ಗಟ್ಟಿಯಾಗುತ್ತದೆ ಅನ್ನುವಾಗ ತೆಗೆಯಿರಿ. ಒಂದು ಮಗ್ಗುಲಿಗೆ ಹತ್ತು ಸೆಕೆಂಡ್ ಸಾಕು. ಹಪ್ಪಳದಂತೆ ಗರಿಗರಿ ಆಗಬಾರದು. ಕಾಗದದ ಮೇಲೆ ಹರವಿ. ಎಣ್ಣೆ ಬೇಡವೇ ಬೇಡ ಅನ್ನುವವರು ಎರಡೂ ಕಡೆ ಎಣ್ಣೆ ಸವರಿ ಓವನ್‌ನಲ್ಲಿ ಐದು ನಿಮಿಷ ಇಟ್ಟು ತೆಗೆಯಿರಿ, ಮುಕ್ಕಾಲು ಪಾಲು ಅದೇ ಫಲ.

ಓವನ್‌ಗೆ 180 ಡಿಗ್ರಿ ಸೆಲ್ಸಿಯಸ್ ಹಾಕಿ ಕಾಯಲು ಬಿಡಿ. ಅಲ್ಲಿನ ಎಷ್ಟೋ ಮನೆಗಳಲ್ಲಿ ಓವನ್ ಅಂದರೆ ಬಾಣಲೆ ಇಡುವ ಕಪಾಟು, ಅಜ್ಜಿ ಒಲೆ ಹಚ್ಚುವ ಮುಂಚೆ ಒಳಗಿಂದ ಏಳು ಪಾತ್ರೆ ಹೊರಗೆ ತೆಗೆದಿದ್ದನ್ನು ಎಣಿಸಿದ್ದೇನೆ. ನಮ್ಮ ಮನೆಯ ಓಟಿಜಿ ಓವನ್‌ಗೆ ಹೊದಿಸಿದ ಬಟ್ಟೆ ತೆಗೆಯುವಾಗೆಲ್ಲ ಅದೇ ನೆನಪು.

ಟ್ರೇ ತಳಕ್ಕೆ ಕಾಲು ಕಪ್ ಸಾಲ್ಸಾ ಸವರಿ. ಅದರ ಮೇಲೆ ಮೂರು ಟೋರ್ಟಿಯಾ, ಒಂದರ ಮೇಲೊಂದು ಸ್ವಲ್ಪ ಹತ್ತಿಸಿ, ಮೂಲೆಗಳಿಗೆ ಹರಿದು ತುಂಬಿಸಿ. ಮುಕ್ಕಾಲು ಕಪ್ ಸಾಲ್ಸಾ, ರಾಜ್ಮಾ ಅರ್ಧ, ಒಂದು ಹಿಡಿ ಚೀಸ್. ಮತ್ತೆ ಮೂರು ಟೋರ್ಟಿಯಾ, ಮುಕ್ಕಾಲು ಕಪ್ ಸಾಲ್ಸಾ, ರಾಹಾಸ್ ಮುಕ್ಕಾಲು ಪಾಲು, ಚೀಸ್. ಮತ್ತೆ ಮೂರು, ಸಾಲ್ಸಾ, ಉಳಿದ ರಾಜ್ಮಾ, ಉಳಿದ ರಾಹಾಸ್, ಚೀಸ್. ಒಂದೊಂದು ಪದರಕ್ಕೂ ಅಂಗೈಯಿಂದ ಮೆಲ್ಲಗೆ ಒತ್ತಿ. ಕೊನೆಯ ಮೂರು ಟೋರ್ಟಿಯಾ ಹಾಸಿ ಉಳಿದ ಸಾಲ್ಸಾ ಅಂಚಿನ ತನಕ ಸವರಿ. ಸಾಲ್ಸಾ ತಾಗದ ಅಂಚು ಓವನ್‌ನಲ್ಲಿ ಚಕ್ಕುಲಿಯಷ್ಟು ಗಟ್ಟಿಯಾಗುತ್ತದೆ. ಮೇಲೆ ಉಳಿದ ಕ್ರೀಮ್ ಅಲ್ಲಲ್ಲಿ ಬಿಟ್ಟು ಮಿಕ್ಕ ಚೀಸ್ ಉದುರಿಸಿ.

ಫಾಯಿಲ್ ಮುಚ್ಚಿ 20 ನಿಮಿಷ, ತೆಗೆದು 10 ನಿಮಿಷ. ಅಂಚಿನಲ್ಲಿ ಸಾಲ್ಸಾ ಕೊತಕೊತ ಅನ್ನಬೇಕು, ಚೀಸ್ ಮೇಲೆ ಕಂದು ಮಚ್ಚೆ ಬೀಳಬೇಕು. ಒಳಗಿನದೆಲ್ಲ ಮೊದಲೇ ಬೆಂದಿದೆ, ಹಾಗಾಗಿ ಹೆದರುವುದು ಬೇಡ. ಓವನ್ ಇಲ್ಲದವರು ದಪ್ಪ ತಳದ ಬಾಣಲೆಯಲ್ಲಿ ಇದನ್ನೇ ಜೋಡಿಸಿ, ಕೆಳಗೆ ಕಾವಲಿ ಇಟ್ಟು, ಮುಚ್ಚಿ ಸಣ್ಣ ಉರಿಯಲ್ಲಿ 25 ನಿಮಿಷ ಇಡಿ. ಚೀಸ್ ಕರಗುತ್ತದೆ, ಕೆಂಪಗೆ ಮಾತ್ರ ಆಗುವುದಿಲ್ಲ.

ತೆಗೆದ ತಕ್ಷಣ ಕತ್ತರಿಸಬೇಡಿ. 15 ನಿಮಿಷ. ಗಡಿಯಾರ ನೋಡಿಯೇ ಬಿಡಿ, ಮಕ್ಕಳು ಎಷ್ಟೇ ಗಲಾಟೆ ಮಾಡಲಿ. ಆ ಹೊತ್ತಿನಲ್ಲಿ ಬೆಣ್ಣೆಹಣ್ಣು ಹೆಚ್ಚಿ, ಈರುಳ್ಳಿಗೆ ನಿಂಬೆರಸ ಉಪ್ಪು ಕಲಸಿ, ಕೊತ್ತಂಬರಿ ತೊಳೆದಿಡಿ. ಚಾಕು ಹಾಕಿ ತುಂಡನ್ನು ಎತ್ತಿದಾಗ ಪಕ್ಕದಿಂದ ನಾಲ್ಕು ಗೆರೆ ಟೋರ್ಟಿಯಾ ಎಣಿಸಲು ಬರಬೇಕು.

ಉಳಿದರೆ ಫ್ರಿಜ್‌ನಲ್ಲಿ ಎರಡು ದಿನ ಇರುತ್ತದೆ. ಮೈಕ್ರೋವೇವ್‌ಗೆ ಇಟ್ಟರೆ ಮೆತ್ತಗಾಗುತ್ತದೆ. ತಣ್ಣಗಿನ ತುಂಡನ್ನು ಎಣ್ಣೆ ಸವರಿದ ಕಾವಲಿ ಮೇಲೆ ಕೂರಿಸಿ ಸಣ್ಣ ಉರಿಯಲ್ಲಿ ಬಿಡಿ, ತಳದ ಟೋರ್ಟಿಯಾ ಕರುಂ ಕುರುಂ ಆಗುತ್ತದೆ. ನಮ್ಮ ಮನೆಯಲ್ಲಿ ಇದಕ್ಕೋಸ್ಕರವೇ ಈಗ ರಾತ್ರಿ ಎರಡು ತುಂಡು ಬಚ್ಚಿಡುತ್ತಾರೆ, ಬೆಳಗ್ಗೆ ಮೊದಲು ಎದ್ದವರ ಪಾಲು.